ಪಂಪಿನ ಬ್ಯಾಟರಿಗೆ ಚಾರ್ಜರ್ ತರುವ ಮುಂಚೆ

ರಾಯಚೂರು

ಚಿ. ಮಲ್ಲಿಕಾರ್ಜುನನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಹತ್ತಿಗೆ ಎಣ್ಣೆ ಹೊಡೆಯುವ ಪಂಪಿನ ಚಾರ್ಜರ್ ಸುಟ್ಟಿದೆ ಅಂದೆ. ಮಾನ್ವಿಯ ಅಂಗಡಿಯವರು ಕಾರಿನ ಬ್ಯಾಟರಿಗೆ ಹಾಕುವ ದೊಡ್ಡ ಚಾರ್ಜರ್ ತೋರಿಸಿ, ಒಂದೇ ತಾಸಿನಲ್ಲಿ ಫುಲ್ ಆಗುತ್ತದೆ ಅಂದರಂತೆ. ತರಲಾ ಅಂತ ಕೇಳಿದೆಯಲ್ಲ, ತರಬೇಡ. ಫೋನಿನಲ್ಲಿ ಹೇಳಿದರೆ ಅರ್ಧ ಮರೆಯುತ್ತೀ, ಅದಕ್ಕೇ ಬರೆಯುತ್ತಿದ್ದೇನೆ. ಅಂಗಡಿಗೆ ಹೋಗುವಾಗ ಈ ಕಾಗದ ಜೇಬಿನಲ್ಲಿರಲಿ.

ಮೊದಲು ಪಂಪಿನ ತಳ ಬಿಚ್ಚಿ ಬ್ಯಾಟರಿಯನ್ನೇ ನೋಡು. ಈಗ ಕೆಲವು ಪಂಪುಗಳಲ್ಲಿ ಲಿಥಿಯಂ ಬ್ಯಾಟರಿ ಬರುತ್ತಿದೆ. ಅದಾದರೆ ಈ ಕಾಗದದ ಲೆಕ್ಕ ಯಾವುದೂ ಅದಕ್ಕೆ ಹೊಂದುವುದಿಲ್ಲ. ಅದಕ್ಕೆ ಅದರದ್ದೇ ಚಾರ್ಜರ್ ಬೇಕು, ಸೀಸದ ಬ್ಯಾಟರಿಯ ಚಾರ್ಜರ್ ಹಾಕಿದರೆ ಬೆಂಕಿ ಹತ್ತುವ ಭಯವಿದೆ. ಕೈಯಲ್ಲಿ ಹಿಡಿದರೆ ಎರಡು ಕಿಲೋಗಿಂತ ಭಾರ ಇರುವ ಕಪ್ಪು ಡಬ್ಬಿಯಾದರೆ ಅದು ಸೀಸದ್ದೇ ಇರಬೇಕು. ಲೇಬಲ್ ಓದಿ ಖಾತ್ರಿ ಮಾಡಿಕೋ. ನಿನ್ನದು 12 ವೋಲ್ಟ್, 8 ಆಂಪಿಯರ್ ಅವರ್ (ಬ್ಯಾಟರಿ ಎಷ್ಟು ಹಿಡಿಯುತ್ತದೆ ಅನ್ನುವ ಅಳತೆ) ಇರಬಹುದು, ಬಹಳ ಪಂಪುಗಳಲ್ಲಿ ಅದೇ ಇರುತ್ತದೆ.

ನಿನಗೆ ಬೇಕಾದ ಉತ್ತರ ಆ ಬ್ಯಾಟರಿಯ ಮೈಮೇಲೇ ಅಚ್ಚಾಗಿರುತ್ತದೆ. ಸೈಕಲ್ ಯೂಸ್ ಅಂತ ಒಂದು ಸಾಲು, ಅಂದರೆ ಬಳಸಿ ಖಾಲಿಯಾದದ್ದನ್ನು ಮತ್ತೆ ತುಂಬುವಾಗಿನ ವೋಲ್ಟೇಜು, ಸಾಮಾನ್ಯವಾಗಿ 14.4ರಿಂದ 15 ವೋಲ್ಟ್. ಸ್ಟ್ಯಾಂಡ್‌ಬೈ ಯೂಸ್ ಅಂತ ಇನ್ನೊಂದು, ತುಂಬಿದ ಮೇಲೂ ಚಾರ್ಜರಿಗೆ ಜೋಡಿಸಿಯೇ ಇಟ್ಟಾಗಿನದು, 13.5ರಿಂದ 13.8. ಇನಿಷಿಯಲ್ ಕರೆಂಟ್ ಅಂತ ಮೂರನೆಯದು, ತುಂಬಲು ಶುರುಮಾಡಿದಾಗ ಕೊಡಬಹುದಾದ ಕರೆಂಟು, 8 ಆಂಪಿಯರ್ ಅವರ್ ಬ್ಯಾಟರಿಗೆ ಹೆಚ್ಚೆಂದರೆ 2.4 ಆಂಪಿಯರ್. ಕಾರಿನ ಚಾರ್ಜರ್ ಆರು, ಹತ್ತು ಆಂಪಿಯರ್ ತುಂಬುತ್ತದೆ. ಒಳಗಿನ ಆಸಿಡ್ ಗಾಜಿನ ನಾರಿನ ಹಾಳೆಯಲ್ಲಿ ಹೀರಿಕೊಂಡಿರುತ್ತದೆ, ಇರುವುದೇ ಸ್ವಲ್ಪ. ಜೋರಾಗಿ ತುಂಬಿದರೆ ನೀರು ಗ್ಯಾಸಾಗಿ ವಾಲ್ವ್‌ನಿಂದ ಹೊರಗೆ ಹೋಗುತ್ತದೆ. ಟ್ರ್ಯಾಕ್ಟರ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿದ ಹಾಗೆ ಇದಕ್ಕೆ ಹಾಕಲು ಬರುವುದಿಲ್ಲ. ಹೋದ ನೀರು ಹೋಯಿತು.

ಇಷ್ಟು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನ ಬ್ಯಾಟರಿ ರೂಮ್ ನೋಡಿಕೊಂಡವನು ನಾನು. ಅಲ್ಲಿ 24 ಸೆಲ್ಲುಗಳ ಸಾಲನ್ನು ಹಗಲು ರಾತ್ರಿ 54 ವೋಲ್ಟ್‌ನಲ್ಲಿ ಇಡುತ್ತಿದ್ದೆವು. ಅಂದರೆ ಸೆಲ್ಲಿಗೆ 2.25. ನಿನ್ನ ಬ್ಯಾಟರಿಯಲ್ಲಿ 6 ಸೆಲ್, ಗುಣಿಸಿ ನೋಡು, 13.5 ಬರುತ್ತದೆ. ಆ ರೂಮಿನ ಬ್ಯಾಟರಿಗೂ ನಿನ್ನ ಬೆನ್ನ ಮೇಲಿನದಕ್ಕೂ ನಿಯಮ ಒಂದೇ. ಅದಕ್ಕೇ ಹೇಳುತ್ತೇನೆ, ಚಾರ್ಜರ್ ಮೇಲೆ 12 ವೋಲ್ಟ್ ಅಂತ ಬರೆದದ್ದನ್ನು ನೋಡಿ ಕೊಳ್ಳಬೇಡ. ಎಷ್ಟು ವೋಲ್ಟ್‌ವರೆಗೆ ಏರಿಸುತ್ತದೆ, ತುಂಬಿದ ಮೇಲೆ ಎಷ್ಟಕ್ಕೆ ಇಳಿಸುತ್ತದೆ ಅಂತ ಕೇಳು. ಅಂಗಡಿಯವರು ಮುಖ ಮುಖ ನೋಡಿದರೆ ಡಬ್ಬಿಯ ಮೇಲೆ ಓದು. ಅಲ್ಲೂ ಇಲ್ಲದಿದ್ದರೆ ಬೇರೆ ಅಂಗಡಿ ನೋಡು.

ವೈಫೈ ಡಬ್ಬಿಯ 12 ವೋಲ್ಟ್ ಅಡಾಪ್ಟರ್ ಮನೆಯಲ್ಲಿದೆ, ಸುಮ್ನೆ ಅದನ್ನೇ ಹಾಕೋಣ ಅನ್ನಿಸಬಹುದು. ತುಂಬಿದ ಬ್ಯಾಟರಿ ಸುಮ್ಮನೆ ಕೂತಾಗಲೇ ಸುಮಾರು 12.8 ವೋಲ್ಟ್ ಇರುತ್ತದೆ. 12 ಕೊಟ್ಟರೆ ಅದು ತುಂಬುವುದು ಹೇಗೆ? ಮೂರು ಸೆಲ್ಲಿನ ಲಿಥಿಯಂ ಚಾರ್ಜರ್ 12.6ಕ್ಕೆ ನಿಲ್ಲುತ್ತದೆ, ಅದರಿಂದಲೂ ಆಗುವುದಿಲ್ಲ. ಅರ್ಧ ತುಂಬಿದ ಬ್ಯಾಟರಿಯಲ್ಲೇ ದಿನಾ ಕೆಲಸ ಮಾಡಿದರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂಡುತ್ತದೆ. ಆಮೇಲೆ ಎಂಥ ಒಳ್ಳೆಯ ಚಾರ್ಜರ್ ತಂದರೂ ಮೊದಲಿನಷ್ಟು ಕೆಲಸ ಬರುವುದಿಲ್ಲ.

ನೀನು ತರಬೇಕಾದದ್ದು ಸೀಲ್ಡ್ ಲೆಡ್ ಆಸಿಡ್ (ನಿನ್ನದರಂಥ ಮುಚ್ಚಿದ ಸೀಸದ) ಬ್ಯಾಟರಿಗೆ ಅಂತಲೇ ಬರೆದಿರುವ, ಒಂದರಿಂದ ಒಂದೂವರೆ ಆಂಪಿಯರ್‌ನ, 14.4ರವರೆಗೆ ಏರಿಸಿ ಆಮೇಲೆ 13.5ರ ಆಸುಪಾಸಿಗೆ ತಾನೇ ಇಳಿಯುವ ಚಾರ್ಜರ್. ಸಂಜೆ ಹಾಕಿದರೆ ಬೆಳಗ್ಗೆ ಹೊಲಕ್ಕೆ ಹೋಗುವಷ್ಟರಲ್ಲಿ ತಯಾರು. ಒಂದೇ ತಾಸಿನ ಆಸೆ ಯಾಕೆ ಬೇಕು? ಪಿನ್ನಿನ ಅಳತೆಯ ಜೊತೆಗೆ ಪ್ಲಸ್ ಒಳಗಿದೆಯೋ ಹೊರಗಿದೆಯೋ ಅದನ್ನೂ ಹಳೆಯ ಚಾರ್ಜರ್ ಜೊತೆ ತಾಳೆ ನೋಡು, ಉಲ್ಟಾ ಆದರೆ ಕೆಟ್ಟಿತು.

ಈಗ ನಮ್ಮ ಬಿಸಿಲಿನ ಮಾತು. ಲೇಬಲ್ ಮೇಲಿನ ಅಂಕಿಗಳೆಲ್ಲ 25 ಡಿಗ್ರಿಯ ಲೆಕ್ಕದವು. ರಾಯಚೂರಿನಲ್ಲಿ 25 ಡಿಗ್ರಿ ಯಾವ ತಿಂಗಳು ಸಿಗುತ್ತದೆ ಹೇಳು! ಒಂದೊಂದು ಡಿಗ್ರಿ ಏರಿದ ಹಾಗೆ 12 ವೋಲ್ಟ್ ಬ್ಯಾಟರಿಯ ಸ್ಟ್ಯಾಂಡ್‌ಬೈ ವೋಲ್ಟೇಜನ್ನು ಸುಮಾರು 0.02 ಇಳಿಸಬೇಕು. 40 ಡಿಗ್ರಿಯಲ್ಲಿ 13.5 ಇರಬೇಕಾದದ್ದು 13.2 ಆಗುತ್ತದೆ. ಅಗ್ಗದ ಚಾರ್ಜರ್‌ಗೆ ಹೊರಗಿನ ಬಿಸಿ ಗೊತ್ತಾಗುವುದಿಲ್ಲ, ಅದಕ್ಕೇ 15 ವೋಲ್ಟ್‌ದು ಬೇಡ, 14.4ರದ್ದೇ ತಾ ಅನ್ನುತ್ತಿದ್ದೇನೆ. ಬಿಸಿ ಹತ್ತು ಡಿಗ್ರಿ ಜಾಸ್ತಿಯಾದರೆ ಬ್ಯಾಟರಿಯ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಮಧ್ಯಾಹ್ನ ಪತ್ರಾಸಿನ ಶೆಡ್ಡಿನಲ್ಲಿ ಚಾರ್ಜಿಗೆ ಹಾಕಬೇಡ. ರಾತ್ರಿ, ಗಾಳಿ ಆಡುವ ಪಡಸಾಲೆಯಲ್ಲಿ ಹಾಕು. ಒಲೆಯ ಹತ್ತಿರವಂತೂ ಬೇಡವೇ ಬೇಡ. ಚಾರ್ಜ್ ಆಗುವಾಗ ಹೊರಬರುವ ಗ್ಯಾಸು ಹೈಡ್ರೋಜನ್, ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ.

ಚಾರ್ಜರ್ ತಂದ ದಿನವೇ ನಿನ್ನ ಮಲ್ಟಿಮೀಟರ್ ತೆಗೆ. ಬ್ಯಾಟರಿ ಜೋಡಿಸಿ, ಹಸಿರು ದೀಪ ಬಂದು ಒಂದು ತಾಸಾದ ಮೇಲೆ ಅಳೆ. 13.8ರ ಒಳಗಿದ್ದರೆ ಸರಿ. ಆಗಲೂ 14.4 ಮೇಲೆಯೇ ನಿಂತಿದ್ದರೆ ಆ ದೀಪ ಬರೀ ತೋರಿಕೆಗೆ, ಮರುದಿನವೇ ವಾಪಸ್ ಕೊಡು. ಕರೆಂಟ್ ಹೋದಾಗ ಕೆಲವು ಚಾರ್ಜರುಗಳು ಬ್ಯಾಟರಿಯಿಂದಲೇ ತಿರುಗಿ ಎಳೆಯುತ್ತವೆ. ಪ್ಲಗ್ ಕಿತ್ತ ಮೇಲೂ ಚಾರ್ಜರಿನ ದೀಪ ಉರಿಯುತ್ತಿದ್ದರೆ ಹಾಗೆ ಆಗುತ್ತಿದೆ ಅಂತ ತಿಳಿ.

ಪಂಪಿನ ಒತ್ತಡ ಕಡಿಮೆಯಾಗುತ್ತಲೇ ನಿಲ್ಲಿಸು, ಇನ್ನೊಂದು ಸಾಲು ಅಂತ ಎಳೆಯಬೇಡ. 10.5ರ ಕೆಳಗೆ ಇಳಿದರೆ ಬ್ಯಾಟರಿಗೆ ಪೆಟ್ಟು. ಅವತ್ತು ರಾತ್ರಿಯೇ ಚಾರ್ಜಿಗೆ ಹಾಕಬೇಕು, ನಾಳೆ ನೋಡೋಣ ಅನ್ನಬಾರದು. ಹತ್ತಿ ಬಿಡಿಸಿ ಮುಗಿದ ಮೇಲೆ ಪಂಪ್ ಮೂಲೆಗೆ ಹೋಗುತ್ತದಲ್ಲ, ಆಗಲೂ ತಿಂಗಳಿಗೊಮ್ಮೆ ತುಂಬಿಸಿಡು. ಬೇಸಿಗೆಯಲ್ಲಿ ಸುಮ್ಮನೆ ಕೂತ ಬ್ಯಾಟರಿ ಬೇಗ ಇಳಿಯುತ್ತದೆ.

ಈಗಿರುವ ಬ್ಯಾಟರಿಯ ಪಕ್ಕ ಉಬ್ಬಿದ್ದರೆ ಅದಕ್ಕೆ ಚಾರ್ಜರ್ ಹಾಕಲೇಬೇಡ. ಹೊಸ ಬ್ಯಾಟರಿ ಕೊಳ್ಳುವಾಗ ಅದನ್ನು ಅಂಗಡಿಗೇ ಕೊಡು, ಸೀಸಕ್ಕೆ ಬೆಲೆ ಇದೆ. ಕಾಲುವೆ ದಂಡೆಯಲ್ಲಿ ಎಸೆಯಬೇಡ, ಆ ನೀರನ್ನು ದನ ಕುಡಿಯುತ್ತವೆ, ಸೀಸ ವಿಷ.

ದುಡ್ಡು ಕೊಡುವ ಮುಂಚೆ ಬ್ಯಾಟರಿ ಲೇಬಲ್ಲಿನದೊಂದು, ಚಾರ್ಜರ್ ಲೇಬಲ್ಲಿನದೊಂದು ಫೋಟೋ ತೆಗೆದು ನನಗೆ ಕಳಿಸು. ಮಧ್ಯಾಹ್ನವಾದರೂ ಎದ್ದು ನೋಡಿ ಹೇಳುತ್ತೇನೆ. ಅಕ್ಕನಿಗೆ, ಭಾವನವರಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಮಾವ