ಕನಿಷ್ಠ ಶಿಕ್ಷೆಯ ಮೇಲ್ಮನವಿಯನ್ನು ಕೈಗೆತ್ತಿಕೊಂಡಿರುವ ಮಗಳಿಗೆ

ಮೈಸೂರು

ಚಿ. ಪುಟ್ಟಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಗಾಂಜಾ ಪ್ರಕರಣದಲ್ಲಿ ಹತ್ತು ವರ್ಷ ಸಜೆಯಾಗಿರುವ ಮಂಡ್ಯದ ಕಡೆಯ ಹುಡುಗನ ಮೇಲ್ಮನವಿಯನ್ನು ನಿನ್ನ ಸೀನಿಯರ್ ನಿನಗೆ ವಹಿಸಿದ್ದಾರೆಂದೂ, ಹೈಕೋರ್ಟಿನಲ್ಲಿ ಶಿಕ್ಷೆ ಕಡಿಮೆಯಾಗುತ್ತದೆಯೆಂದು ಅವನ ತಾಯಿಗೆ ಧೈರ್ಯ ಹೇಳಿ ಕಳುಹಿಸಿದೆಯೆಂದೂ ಬರೆದಿದ್ದೀಯೆ. ಆ ಮಾತನ್ನು ನೀನು ಹಿಂತೆಗೆದುಕೊಳ್ಳಬೇಕಮ್ಮ.

ಶಿಕ್ಷೆಯ ಪ್ರಮಾಣವನ್ನು ಕಾನೂನು ನ್ಯಾಯಾಧೀಶರ ವಿವೇಚನೆಗೆ ಬಿಟ್ಟಿರುವಲ್ಲಿ ಆರೋಪಿಯ ವಯಸ್ಸು, ಬಡತನ, ಮನೆಯ ಪರಿಸ್ಥಿತಿ ಇವೆಲ್ಲವೂ ಮೇಲ್ಮನವಿಯಲ್ಲಿ ತೂಗುತ್ತವೆ. ಆದರೆ ಶಾಸನವೇ ಕನಿಷ್ಠವನ್ನು ಗೊತ್ತುಮಾಡಿ, ಅದಕ್ಕಿಂತ ಕೆಳಗಿಳಿಯಲು ಅವಕಾಶವನ್ನೇ ಕೊಡದಿರುವಾಗ ಕರುಣೆಯ ಆಧಾರದ ಮೇಲೆ ಹೈಕೋರ್ಟ್ ಕೂಡ ಇಳಿಯುವಂತಿಲ್ಲ. ಹತ್ತು ವರ್ಷದ ಕನಿಷ್ಠ ಶಿಕ್ಷೆಯಿದ್ದ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಕಾಯ್ದೆ) ಪ್ರಕರಣವೊಂದರಲ್ಲಿ ಅಲಹಾಬಾದ್ ಹೈಕೋರ್ಟ್ ಅದನ್ನು ಏಳು ವರ್ಷಕ್ಕೆ ಇಳಿಸಿದಾಗ, 2023ರಲ್ಲಿ ಸುಪ್ರೀಂ ಕೋರ್ಟ್ ಹತ್ತು ವರ್ಷವನ್ನೇ ಮತ್ತೆ ಎತ್ತಿಹಿಡಿಯಿತು. 2025ರಲ್ಲಿ ಇನ್ನೊಂದು ಪೋಕ್ಸೊ ಪ್ರಕರಣದಲ್ಲಿ ಅದೇ ನ್ಯಾಯಾಲಯ ಶಿಕ್ಷೆಯನ್ನೇ ವಿಧಿಸದೆ ಬಿಟ್ಟದ್ದು ನಿಜ. ಅದು ಪೂರ್ಣ ನ್ಯಾಯ ಒದಗಿಸಲು ಸುಪ್ರೀಂ ಕೋರ್ಟಿಗೆ ವಿಶೇಷ ಅಧಿಕಾರ ಕೊಡುವ ಸಂವಿಧಾನದ 142ನೇ ವಿಧಿಯ ಬಲದಿಂದ, ಆ ಬಲ ಹೈಕೋರ್ಟಿಗಿಲ್ಲ. ಇನ್ನು ಶಾಸನವನ್ನೇ ಪ್ರಶ್ನಿಸುವ ದಾರಿಯಿದೆ. ಜೀವಾವಧಿ ಕೈದಿ ಕೊಲೆ ಮಾಡಿದರೆ ಮರಣದಂಡನೆಯೊಂದೇ ಎನ್ನುತ್ತಿದ್ದ ಭಾರತೀಯ ದಂಡ ಸಂಹಿತೆಯ 303ನೇ ಕಲಮು ಮಿಠ್ಠು ಪ್ರಕರಣದಲ್ಲಿ, 1983ರಲ್ಲಿ, ರದ್ದಾದದ್ದು ಹಾಗೆಯೇ. ಆದರೆ ಅದು ನೇಣಿನ ಮಾತು. ಕನಿಷ್ಠ ಸೆರೆವಾಸದ ಮಟ್ಟಿಗೆ ಆ ದಾರಿಯನ್ನು ನಂಬಿ ಕೂರಬೇಡ.

ಹಾಗಾದರೆ ನಿನ್ನ ಕೆಲಸ ಎಲ್ಲಿದೆಯೆಂದರೆ ಮಹಜರಿನಲ್ಲಿ, ಅಂದರೆ ಮಾಲನ್ನು ವಶಪಡಿಸಿಕೊಂಡಾಗ ಪೊಲೀಸರು ಬರೆದ ದಾಖಲೆಯಲ್ಲಿ. ಗಾಂಜಾ 20 ಕಿಲೋ ಮೀರಿದರೆ ಮಾತ್ರ ಹತ್ತು ವರ್ಷದ ಕನಿಷ್ಠ ಶಿಕ್ಷೆ. ಅದರೊಳಗಿದ್ದರೆ ಕನಿಷ್ಠವೆಂಬುದೇ ಇಲ್ಲ. ಕಾನೂನಿನ ಅರ್ಥದಲ್ಲಿ ಗಾಂಜಾ ಎಂದರೆ ಹೂವೋ ಕಾಯಿಯೋ ಬಿಟ್ಟ ತುದಿ. ತುದಿಯಿಂದ ಬೇರೆಯಾಗಿರುವ ಎಲೆ, ಬೀಜ ಅದರೊಳಗೆ ಸೇರುವುದಿಲ್ಲ. ಚೀಲದಲ್ಲಿದ್ದುದನ್ನು ಬೇರ್ಪಡಿಸಿ ತೂಗಿದರೋ, ಕಡ್ಡಿ ಸೊಪ್ಪುಗಳೊಡನೆ ಚೀಲವನ್ನೂ ಸೇರಿಸಿಯೇ ತಕ್ಕಡಿಗೆ ಹಾಕಿದರೋ, ಮಹಜರಿಗೆ ಸಾಕ್ಷಿಯಾದ ಪಂಚರು ಪಾಟೀಸವಾಲಿನಲ್ಲಿ (ಎದುರು ವಕೀಲರ ಪ್ರಶ್ನೆಗಳಿಗೆ) ಏನು ಹೇಳಿದ್ದಾರೆ, ಸಾಲುಸಾಲಾಗಿ ಓದು.

ನಾನು ಇದನ್ನು ಕಲಿತದ್ದು ತಪ್ಪು ಮಾಡಿ. ವಕೀಲಿಕೆಯ ಮೊದಲ ವರ್ಷಗಳಲ್ಲಿ ಪಾಂಡವಪುರದ ಕಡೆಯ ಒಬ್ಬ ಮುದುಕಿಯ ಮಗನಿಗೆ, ಮಾರಕಾಸ್ತ್ರ ಬಳಸಿ ದರೋಡೆ ಮಾಡಿದನೆಂದು ಅದೇ ಸಂಹಿತೆಯ 397ನೇ ಕಲಮಿನ ಅಡಿಯಲ್ಲಿ ಕನಿಷ್ಠ ಶಿಕ್ಷೆಯಾದ ಏಳು ವರ್ಷವಾಗಿತ್ತು. ಆಕೆ ಕಬ್ಬಿನ ದುಡ್ಡನ್ನು ಸೆರಗಿನ ಗಂಟಿನಿಂದ ಬಿಚ್ಚಿ ನನ್ನ ಮೇಜಿನ ಮೇಲಿಟ್ಟಾಗ, ಶಿಕ್ಷೆಯನ್ನು ಕಡಿಮೆ ಮಾಡಿಸುತ್ತೇನೆಂದು ಮಾತು ಕೊಟ್ಟೆ. ವಾದವೆಲ್ಲವೂ ಬಡತನದ ಮೇಲೆಯೇ ನಡೆಯಿತು, ಕನಿಷ್ಠಕ್ಕಿಂತ ಇಳಿಸಲಾಗದೆಂದು ಮೇಲ್ಮನವಿ ವಜಾ ಆಯಿತು. ಆ ಬಳಿಕ ಸಾಕ್ಷ್ಯವನ್ನು ಮತ್ತೆ ತೆರೆದು ನೋಡಿದರೆ ಚೂರಿ ಇದ್ದದ್ದು ಮತ್ತೊಬ್ಬ ಆರೋಪಿಯ ಕೈಯಲ್ಲಿ. ಆಯುಧ ಬಳಸಿದವನಿಗಷ್ಟೇ ಆ ಕನಿಷ್ಠ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ 1975ರಲ್ಲಿಯೇ ಹೇಳಿತ್ತು. ಆ ಮಾತನ್ನು ನಾನು ಎತ್ತಿಯೇ ಇರಲಿಲ್ಲ. ಆಕೆ ನನ್ನನ್ನು ಬೈಯಲಿಲ್ಲ, ಕೈಮುಗಿದು ಹೊರಟುಹೋದಳು.

ಆದ್ದರಿಂದ ಆ ತಾಯಿಯನ್ನು ಕರೆಸಿ ಇದ್ದದ್ದನ್ನು ಇದ್ದಂತೆ ಹೇಳು: ತೂಕ ಮುರಿದರೆ ಶಿಕ್ಷೆ ಇಳಿಯಬಹುದು, ಸಾಕ್ಷ್ಯವೇ ಮುರಿದರೆ ಬಿಡುಗಡೆಯಾಗಬಹುದು, ಎರಡೂ ಆಗದಿದ್ದರೆ ಹತ್ತು ವರ್ಷ ಹತ್ತಾಗಿಯೇ ಉಳಿಯುತ್ತದೆ. ಇಂಥ ಪ್ರಕರಣದಲ್ಲಿ ಶಿಕ್ಷೆಯ ಅಮಾನತು, ಜಾಮೀನು ಕೂಡ ಸುಲಭವಲ್ಲವೆಂಬುದನ್ನೂ ಮುಚ್ಚಿಡಬೇಡ. ಮಹಜರಿನ ನಕಲನ್ನು ನನಗೂ ಕಳುಹಿಸು, ಇಬ್ಬರೂ ಓದೋಣ.

ಇಂತಿ,
ನಿನ್ನ ದೊಡ್ಡಪ್ಪ