ಅನುಭವಿ ಬೈಕ್ ಸವಾರರಿಗೂ ತರಬೇತಿ ಬೇಕೆ?

ಮಾನ್ಯ ಸಂಪಾದಕರೇ,

‘ವರ್ಷಗಟ್ಟಲೆ ಬೈಕ್ ಓಡಿಸಿದ್ದೇನೆ, ಒಮ್ಮೆಯೂ ಬಿದ್ದಿಲ್ಲ, ಈಗ ನನಗೆಂಥ ತರಬೇತಿ?’ ಎಂಬ ಪ್ರಶ್ನೆಯನ್ನು ಸವಾರಿ ಹೇಳಿಕೊಡುವ ಕೆಲಸದಲ್ಲಿರುವ ನನ್ನಂಥವರು ಪದೇ ಪದೇ ಎದುರಿಸುತ್ತೇವೆ. ಇದನ್ನು ಅಹಂಕಾರದ ಮಾತೆಂದು ತಳ್ಳಿಹಾಕುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಹಣ ಮತ್ತು ಸಮಯ ಎರಡನ್ನೂ ಬೇಡುವ ತರಬೇತಿಯಿಂದ ತನಗೇನು ಸಿಗುತ್ತದೆ ಎಂದು ಕೇಳುವುದು ನ್ಯಾಯವೇ. ಅನುಭವಿಗಳಿಗೆ ಉನ್ನತ ತರಬೇತಿಯಿಂದ ನಿಜವಾದ ಪ್ರಯೋಜನವಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಆ ಪ್ರಯೋಜನ ಸಿಗುವುದು ಸವಾರನ ನೋಟವನ್ನು, ನಿರ್ಧಾರವನ್ನು ಮತ್ತು ತುರ್ತಾಗಿ ಬ್ರೇಕ್ ಹಿಡಿಯುವ ರೀತಿಯನ್ನು ತಿದ್ದುವ ತರಬೇತಿಯಿಂದಲೇ ಹೊರತು, ಇನ್ನಷ್ಟು ವೇಗವಾಗಿ, ಇನ್ನಷ್ಟು ವಾಲಿಸಿ ಓಡಿಸುವುದನ್ನಷ್ಟೇ ಕಲಿಸುವ ತರಬೇತಿಯಿಂದಲ್ಲ.

ಅನುಭವ ಕಲಿಸುವುದು ಬಹಳ, ಅದರಲ್ಲಿ ಎರಡು ಮಾತಿಲ್ಲ. ಕ್ಲಚ್ಚಿನ ಹದ, ಗೇರಿನ ಆಯ್ಕೆ, ದಟ್ಟಣೆಯಲ್ಲಿ ಬೈಕನ್ನು ನಿಧಾನವಾಗಿ ಸಾಗಿಸುವ ಸಮತೋಲನ, ಇವೆಲ್ಲ ದಿನಕ್ಕೆ ನೂರಾರು ಬಾರಿ ಬಳಕೆಯಾಗುವ ಕೆಲಸಗಳು. ತಪ್ಪಾದರೆ ಎಂಜಿನ್ ಕೂಡಲೇ ನಿಂತುಹೋಗುತ್ತದೆ, ಕಾಲು ನೆಲಕ್ಕೆ ತಾಗುತ್ತದೆ, ಹಾಗಾಗಿ ತಪ್ಪು ತಾನಾಗಿ ತಿದ್ದಿಕೊಳ್ಳುತ್ತದೆ. ಪೂರ್ಣ ಶಕ್ತಿಯಿಂದ ಬ್ರೇಕ್ ಹಿಡಿಯಬೇಕಾದ ಸಂದರ್ಭ ಹಾಗಲ್ಲ. ಅದು ಎಷ್ಟೋ ವರ್ಷಗಳಿಗೊಮ್ಮೆ, ಅದೂ ಹೇಳದೆ ಕೇಳದೆ ಬರುತ್ತದೆ. ಇದಕ್ಕಿಂತ ಚಿಂತೆಯ ವಿಷಯವೆಂದರೆ, ಕೆಟ್ಟ ಅಭ್ಯಾಸಗಳಿಗೆ ರಸ್ತೆಯಲ್ಲಿ ಸಾಮಾನ್ಯವಾಗಿ ಶಿಕ್ಷೆಯೇ ಆಗುವುದಿಲ್ಲ. ಮುಂದಿನ ವಾಹನಕ್ಕೆ ತೀರಾ ಹತ್ತಿರವಾಗಿ ಸಾವಿರ ಬಾರಿ ಹೋದವನಿಗೆ ಸಾವಿರ ಬಾರಿಯೂ ಏನೂ ಆಗದಿದ್ದರೆ, ಅದೇ ಸರಿಯಾದ ಅಂತರ ಎಂಬ ನಂಬಿಕೆ ಅವನಲ್ಲಿ ಬೇರೂರುತ್ತದೆ. ಬಿದ್ದಿಲ್ಲ ಎಂಬುದರ ಹಿಂದೆ ಕೌಶಲ ಎಷ್ಟು, ಎದುರಿನವರ ಎಚ್ಚರ ಎಷ್ಟು, ಅದೃಷ್ಟ ಎಷ್ಟು ಎಂದು ಆ ಸವಾರ ಒಬ್ಬನೇ ಕುಳಿತು ಲೆಕ್ಕ ಹಾಕಲಾರ.

ಬ್ರೇಕಿನ ಅಭ್ಯಾಸ ನಡೆಯುವ ಮೈದಾನದಲ್ಲಿ ಇದು ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ. ಎರಡು ಕೋನ್‌ಗಳನ್ನು ಇಟ್ಟು, ಅಲ್ಲಿಗೆ ತಲುಪಿದ ಕೂಡಲೇ ಸಾಧ್ಯವಾದಷ್ಟು ಬೇಗ ನಿಲ್ಲಿಸಿ ಎಂದು ಹೇಳಿದರೆ, ಹಲವು ವರ್ಷಗಳ ಅನುಭವವಿರುವವರಲ್ಲೂ ಅನೇಕರ ಬಲಗಾಲು ಮೊದಲು ಹಿಂದಿನ ಬ್ರೇಕನ್ನು ತುಳಿಯುತ್ತದೆ. ಬೆರಳುಗಳು ಮುಂದಿನ ಲಿವರಿನ ಮೇಲೆ ಅಳುಕುತ್ತಲೇ ಕೂರುತ್ತವೆ. ಹಿಂದಿನ ಚಕ್ರ ಲಾಕ್ ಆಗಿ, ಟೈರು ನೆಲದ ಮೇಲೆ ಕಪ್ಪು ಗೆರೆ ಎಳೆಯುತ್ತದೆ, ಬೈಕಿನ ಹಿಂಭಾಗ ಒಂದು ಪಕ್ಕಕ್ಕೆ ಜಾರುತ್ತದೆ, ಆದರೆ ವೇಗ ಮಾತ್ರ ಅಷ್ಟಾಗಿ ಇಳಿಯುವುದಿಲ್ಲ. ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ ಹೊಡೆಯುತ್ತೇವೆ ಎಂದು ಸೈಕಲ್ ಕಲಿಯುವ ಕಾಲದಲ್ಲಿ ಕೇಳಿದ ಎಚ್ಚರಿಕೆ ಅವರ ಕೈಯನ್ನು ಇನ್ನೂ ಬಿಟ್ಟಿರುವುದಿಲ್ಲ. ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಕ್ಕೆ ಸರಿಯುತ್ತದೆ, ಮುಂದಿನ ಟೈರು ನೆಲವನ್ನು ಗಟ್ಟಿಯಾಗಿ ಹಿಡಿಯುತ್ತದೆ, ಹಿಂದಿನದು ಹಗುರವಾಗುತ್ತದೆ. ಆದ್ದರಿಂದಲೇ ನಿಲ್ಲಿಸುವ ಶಕ್ತಿಯ ಬಹುಪಾಲು ಬರುವುದು ಮುಂದಿನ ಬ್ರೇಕಿನಿಂದ. ಲಿವರನ್ನು ಒಮ್ಮೆಲೇ ಸೆಳೆಯಬಾರದು. ಮೊದಲು ಅದರ ಸಡಿಲವನ್ನಷ್ಟೇ ತೆಗೆದುಕೊಂಡು, ಮುಂದಿನ ಫೋರ್ಕ್ (ಮುಂದಿನ ಚಕ್ರವನ್ನು ಹಿಡಿದಿರುವ, ಸ್ಪ್ರಿಂಗ್ ಇರುವ ಕೊಳವೆಗಳು) ಕುಸಿಯುವುದನ್ನು ಅನುಭವಿಸಿ, ಆಮೇಲೆ ಒತ್ತಡವನ್ನು ಏರಿಸುತ್ತಾ ಹೋಗಬೇಕು. ಇದನ್ನು ಮಾತಿನಲ್ಲಿ ಹೇಳಲು ಅರ್ಧ ನಿಮಿಷ ಸಾಕು. ಕೈ ಅದನ್ನು ತಾನಾಗಿ ಮಾಡುವಂತಾಗಲು ಸುರಕ್ಷಿತ ಜಾಗ, ನೋಡಿ ತಿದ್ದುವವರು ಮತ್ತು ಮರಳಿ ಮರಳಿ ಅಭ್ಯಾಸ ಬೇಕು.

ವ್ಯತ್ಯಾಸ ಎಷ್ಟು ದೊಡ್ಡದೆಂಬುದನ್ನು ಸರಳ ಲೆಕ್ಕವೇ ತೋರಿಸುತ್ತದೆ. ಗಂಟೆಗೆ 60 ಕಿ.ಮೀ. ವೇಗದ ಬೈಕು ಪ್ರತಿ ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಒಣ ರಸ್ತೆಯಲ್ಲಿ ಎರಡೂ ಬ್ರೇಕ್‌ಗಳನ್ನು ಸರಿಯಾಗಿ ಬಳಸುವವನು ಬ್ರೇಕ್ ಹಿಡಿದಲ್ಲಿಂದ ಸುಮಾರು 20 ಮೀಟರ್‌ನಲ್ಲಿ ನಿಲ್ಲಬಲ್ಲ. ಅವನ ಅರ್ಧದಷ್ಟೇ ಶಕ್ತಿಯಿಂದ ಬ್ರೇಕ್ ಹಿಡಿದವನು, ಮೊದಲನೆಯವನು ನಿಂತಿರುವ ಜಾಗವನ್ನು ತಲುಪುವಾಗ ಗಂಟೆಗೆ 42 ಕಿ.ಮೀ. ವೇಗದಲ್ಲಿ ಇನ್ನೂ ಚಲಿಸುತ್ತಲೇ ಇರುತ್ತಾನೆ. ಎಬಿಎಸ್ ಇದ್ದರೆ ಇದರ ಅಗತ್ಯವಿಲ್ಲ ಎನ್ನುವವರಿಗೂ ಒಂದು ಮಾತು ಹೇಳಬೇಕು. ಎಬಿಎಸ್ ಚಕ್ರ ಲಾಕ್ ಆಗುವುದನ್ನು ತಡೆಯುತ್ತದೆ, ಅದು ಅಮೂಲ್ಯವಾದ ಸಾಧನವೂ ಹೌದು, ಆದರೆ ಸವಾರನ ಪರವಾಗಿ ಲಿವರನ್ನು ಅದು ಒತ್ತುವುದಿಲ್ಲ. ಲಿವರಿನಲ್ಲೋ ಪೆಡಲಿನಲ್ಲೋ ಅದರ ಮಿಡಿತವನ್ನು ಮೊದಲ ಬಾರಿ ಅನುಭವಿಸಿದ ಎಷ್ಟೋ ಮಂದಿ ಗಾಬರಿಯಾಗಿ ಬ್ರೇಕನ್ನೇ ಬಿಟ್ಟುಬಿಡುತ್ತಾರೆ. ಆ ಮೊದಲ ಬಾರಿ ಮೈದಾನದಲ್ಲೇ ಆಗಿಹೋಗಲಿ ಎಂಬುದು ನನ್ನ ಆಸೆ.

ಇದು ತರಬೇತುದಾರರ ಊಹೆಯಲ್ಲ. ಅಮೆರಿಕದ ಲಾಸ್ ಏಂಜಲೀಸ್ ಪ್ರದೇಶದ ಸುಮಾರು 900 ಬೈಕ್ ಅಪಘಾತಗಳನ್ನು ಸಂಶೋಧಕ ಹ್ಯಾರಿ ಹರ್ಟ್ ಅವರ ತಂಡ ಸ್ಥಳಕ್ಕೇ ಹೋಗಿ ತನಿಖೆ ಮಾಡಿ, 1981ರಲ್ಲಿ ವರದಿ ಪ್ರಕಟಿಸಿತು. ಅಪಘಾತಕ್ಕೀಡಾದ ಸವಾರರಲ್ಲಿ ಶೇ 92ರಷ್ಟು ಜನ ತಾವಾಗಿಯೇ ಕಲಿತವರು ಇಲ್ಲವೇ ಮನೆಯವರಿಂದ, ಗೆಳೆಯರಿಂದ ಕಲಿತವರು. ಅಪಾಯ ಕಂಡ ನಂತರ ತಪ್ಪಿಸಿಕೊಳ್ಳಲು ಸವಾರನಿಗೆ ಸಾಮಾನ್ಯವಾಗಿ ಸಿಕ್ಕ ಕಾಲಾವಕಾಶ ಎರಡು ಸೆಕೆಂಡಿಗಿಂತ ಕಡಿಮೆ. ಆ ಹೊತ್ತಿನಲ್ಲಿ ಹೆಚ್ಚಿನವರು ಹಿಂದಿನ ಬ್ರೇಕನ್ನು ಅತಿಯಾಗಿ ಒತ್ತಿ ಸ್ಕಿಡ್ ಆಗಿದ್ದರು, ಮುಂದಿನದನ್ನು ಸಾಲದಷ್ಟು ಬಳಸಿದ್ದರು. ಹ್ಯಾಂಡಲನ್ನು ಒತ್ತಿ ಬೈಕನ್ನು ಥಟ್ಟನೆ ಪಕ್ಕಕ್ಕೆ ತಿರುಗಿಸುವ ಕೌಶಲವಂತೂ ಅವರಲ್ಲಿ ಇರಲೇ ಇಲ್ಲವೆನ್ನಬಹುದು. ವಾಹನ ತಂತ್ರಜ್ಞಾನ ಅಲ್ಲಿಂದ ಬಹಳ ಮುಂದೆ ಬಂದಿದೆ, ಆದರೆ ಗಾಬರಿಯಾದ ಮನುಷ್ಯನ ಕೈಕಾಲು ಇಂದಿಗೂ ಅದನ್ನೇ ಮಾಡುತ್ತದೆ. ಅದೇ ವರದಿಯ ಇನ್ನೊಂದು ಅಂಶ ಅನುಭವಿಗಳು ವಿಶೇಷವಾಗಿ ಗಮನಿಸಬೇಕಾದದ್ದು: ಆ ಸವಾರರ ಒಟ್ಟು ಸವಾರಿಯ ಅನುಭವ ಸರಾಸರಿ ಸುಮಾರು ಮೂರು ವರ್ಷವಿದ್ದರೂ, ಅಪಘಾತಕ್ಕೀಡಾದ ಆ ಬೈಕನ್ನು ಅರ್ಧಕ್ಕಿಂತ ಹೆಚ್ಚು ಮಂದಿ ಓಡಿಸಿದ್ದು ಐದು ತಿಂಗಳಿಗಿಂತ ಕಡಿಮೆ ಕಾಲ. ಹಳೆಯ ಬೈಕಿನ ಮೇಲಿನ ಹಿಡಿತ ಹೊಸ ಬೈಕಿಗೆ ಹಾಗೆಯೇ ವರ್ಗವಾಗುವುದಿಲ್ಲ.

ಇಷ್ಟಾದರೂ, ಬ್ರೇಕ್ ಕೊನೆಯ ಉಪಾಯವೇ. ಆ ಎರಡು ಸೆಕೆಂಡುಗಳನ್ನು ನಾಲ್ಕೋ ಐದೋ ಮಾಡಿಕೊಡುವುದು ಕಣ್ಣು. ತಿರುವಿನಲ್ಲಿ ರಸ್ತೆಯ ಎರಡು ಅಂಚುಗಳು ಕೂಡಿದಂತೆ ಕಾಣುವ ಬಿಂದು ನಮ್ಮಿಂದ ದೂರ ಸರಿಯುತ್ತಿದ್ದರೆ ತಿರುವು ಬಿಚ್ಚಿಕೊಳ್ಳುತ್ತಿದೆ, ಹತ್ತಿರವಾಗುತ್ತಿದ್ದರೆ ಬಿಗಿಯಾಗುತ್ತಿದೆ ಎಂದರ್ಥ. ಕಾಣುತ್ತಿರುವಷ್ಟು ದೂರದೊಳಗೆ ನಿಲ್ಲಲು ಸಾಧ್ಯವಾಗುವ ವೇಗವೇ ಅಲ್ಲಿನ ಸರಿಯಾದ ವೇಗ. ಕವಲಿನಲ್ಲಿ ನಿಂತ ಕಾರಿನ ಚಾಲಕ ನಮ್ಮತ್ತ ನೋಡಿದ ಮಾತ್ರಕ್ಕೆ ನಮ್ಮನ್ನು ಕಂಡಿದ್ದಾನೆ ಎಂದುಕೊಳ್ಳುವಂತಿಲ್ಲ. ಅವನ ಮುಖಕ್ಕಿಂತ ಆ ಕಾರಿನ ಮುಂದಿನ ಚಕ್ರವನ್ನು ನೋಡುವುದು ಮೇಲು, ಏಕೆಂದರೆ ಹೊರಡುವ ಸುಳಿವು ಮೊದಲು ಸಿಗುವುದು ಅಲ್ಲಿ. ಹಾಗೆಯೇ ಭಯವಾದಾಗ ದೃಷ್ಟಿ ಅಪಾಯದ ಮೇಲೆಯೇ ನೆಟ್ಟು, ಬೈಕೂ ಅತ್ತಲೇ ಸಾಗುತ್ತದೆ. ತಪ್ಪಿಸಿಕೊಳ್ಳುವ ದಾರಿಯತ್ತ ನೋಟವನ್ನು ಬಲವಂತವಾಗಿ ತಿರುಗಿಸುವುದು ಕಲಿತೇ ಬರಬೇಕಾದ ವಿದ್ಯೆ. ಬ್ರಿಟನ್ನಿನ ಪೊಲೀಸ್ ಸವಾರರ ತರಬೇತಿಯಲ್ಲಿ ಮೊದಲ ಸ್ಥಾನ ಮಾಹಿತಿಗೆ. ರಸ್ತೆಯಲ್ಲಿನ ಸ್ಥಾನ, ವೇಗ, ಗೇರ್ ಮತ್ತು ವೇಗವರ್ಧನೆ ಅದರ ನಂತರ ಬರುತ್ತವೆ. ಈ ಕ್ರಮ ನನಗೆ ಬಹಳ ಮೆಚ್ಚುಗೆ. ಸವಾರ ತಾನು ಕಾಣುತ್ತಿರುವುದನ್ನು ಬಾಯಿಬಿಟ್ಟು ಹೇಳುತ್ತಾ ಹೋಗುವ, ಹಿಂದೆ ಬರುವ ತರಬೇತುದಾರ ಅದನ್ನು ಇಂಟರ್‌ಕಾಮ್‌ನಲ್ಲಿ ಕೇಳಿಸಿಕೊಳ್ಳುವ ಅಭ್ಯಾಸವನ್ನು ಅನುಭವಿಗಳು ಒಮ್ಮೆಯಾದರೂ ಮಾಡಿ ನೋಡಬೇಕು. ಯಾವುದನ್ನು ಹೇಳದೆ ದಾಟಿಬಂದೆವೋ ಅದನ್ನು ನಾವು ನೋಡಿಯೇ ಇರುವುದಿಲ್ಲ ಎಂಬುದು ಆಗ ತಿಳಿಯುತ್ತದೆ.

ತರಬೇತಿಯ ವಿರುದ್ಧ ಇರುವ ವಾದವನ್ನೂ ಮುಚ್ಚಿಡಬಾರದು. ಬೈಕ್ ಸವಾರರ ತರಬೇತಿ ಅಪಘಾತಗಳನ್ನು ತಡೆಯುತ್ತದೆಯೇ ಎಂದು 23 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ 2010ರ ಕಾಕ್ರೇನ್ ವಿಮರ್ಶೆ (ಲಭ್ಯ ಸಂಶೋಧನೆಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಅಂತರರಾಷ್ಟ್ರೀಯ ಜಾಲವೊಂದರ ವರದಿ), ಆ ಅಧ್ಯಯನಗಳ ಗುಣಮಟ್ಟ ಸಾಲದ್ದರಿಂದ ಸ್ಪಷ್ಟ ತೀರ್ಮಾನಕ್ಕೆ ಬರಲಾಗದು ಎಂದಿತು. ನಾರ್ವೆಯಲ್ಲಿ ಕಾರು ಚಾಲಕರಿಗೆ ಜಾರುವ ರಸ್ತೆಯ ತರಬೇತಿಯನ್ನು ಕಡ್ಡಾಯ ಮಾಡಿದಾಗ, ಯುವಕರಲ್ಲಿ ಅಂಥ ರಸ್ತೆಗಳ ಮೇಲಿನ ಅಪಘಾತಗಳು ಕಡಿಮೆಯಾಗುವ ಬದಲು ಹೆಚ್ಚಿದ್ದು ಕಂಡುಬಂದಿತ್ತು. ಜಾರಿದ ವಾಹನವನ್ನು ಹಿಡಿತಕ್ಕೆ ತರಬಲ್ಲೆ ಎಂಬ ಧೈರ್ಯ ಬಂದದ್ದು, ಜಾರದಂತೆ ನಿಧಾನವಾಗಿ ಹೋಗಬೇಕೆಂಬ ಎಚ್ಚರವನ್ನು ಕಸಿದುಕೊಂಡಿತ್ತು. ಈ ಅಪಾಯ ಬೈಕಿಗೂ ಅನ್ವಯಿಸುತ್ತದೆ. ರೇಸ್ ಟ್ರ್ಯಾಕಿನಲ್ಲಿ ಒಂದು ದಿನ ಕಳೆದು ಬಂದವನು ಅಲ್ಲಿ ಕಲಿತ ವೇಗವನ್ನು ಎದುರಿನಿಂದ ಲಾರಿ ಬರುವ, ಮರಳು ಬಿದ್ದಿರುವ, ಆಚೆಗೇನಿದೆಯೆಂದು ಕಾಣದ ತಿರುವಿಗೆ ತಂದರೆ, ಅವನಿಗೆ ಆ ತರಬೇತಿ ಇಲ್ಲದಿದ್ದುದೇ ಒಳ್ಳೆಯದಾಗುತ್ತಿತ್ತು. ಟ್ರ್ಯಾಕಿನ ತರಬೇತಿ ಕೆಟ್ಟದ್ದೆಂದಲ್ಲ. ಬೈಕಿನ ಸಾಮರ್ಥ್ಯ ಅಲ್ಲಿ ಚೆನ್ನಾಗಿ ಅರ್ಥವಾಗುತ್ತದೆ. ರಸ್ತೆಯ ಸುರಕ್ಷತೆಗೆ ಅದೊಂದೇ ಸಾಕೆಂದು ಮಾರಾಟ ಮಾಡುವುದನ್ನು ಮಾತ್ರ ನಾನು ಒಪ್ಪಲಾರೆ.

ಆದ್ದರಿಂದ ಅನುಭವಿ ಸವಾರರು ಶುಲ್ಕ ಕಟ್ಟುವ ಮೊದಲು ಕೆಲವು ವಿಷಯಗಳನ್ನು ಕೇಳಿ ತಿಳಿದುಕೊಳ್ಳಬೇಕು. ತರಬೇತಿಯ ಒಂದು ಭಾಗವಾದರೂ ನಿಜವಾದ ರಸ್ತೆಯಲ್ಲಿ ನಡೆಯುತ್ತದೆಯೇ, ಒಬ್ಬ ತರಬೇತುದಾರ ಎಷ್ಟು ಮಂದಿಯನ್ನು ನೋಡಿಕೊಳ್ಳುತ್ತಾನೆ, ಪ್ರತಿಯೊಬ್ಬರ ಸವಾರಿಯನ್ನು ಗಮನಿಸಿ ತಪ್ಪನ್ನು ನೇರವಾಗಿ ಹೇಳುವ ವ್ಯವಸ್ಥೆ ಇದೆಯೇ ಎಂಬುದು ಪ್ರಮಾಣಪತ್ರಕ್ಕಿಂತ ಮುಖ್ಯ. ಇಪ್ಪತ್ತು ಜನರನ್ನು ಸಾಲಾಗಿ ಕೂರಿಸಿ ಸ್ಲೈಡ್ ತೋರಿಸಿ ಕಳುಹಿಸುವ ಕಾರ್ಯಕ್ರಮಗಳಿಂದ ಅನುಭವಿಗಳಿಗೆ ಸಿಗುವುದು ಅತ್ಯಲ್ಪ, ಏಕೆಂದರೆ ಅವರಿಗೆ ಬೇಕಾಗಿರುವುದು ಹೊಸ ಮಾಹಿತಿಗಿಂತ ಹೆಚ್ಚಾಗಿ ಬೇರೊಬ್ಬರ ಕಣ್ಣು. ಒಮ್ಮೆ ಕಲಿತರೆ ಮುಗಿಯಿತು ಎಂದೂ ಇಲ್ಲ. ಬಳಸದ ಕೌಶಲ ಮಸುಕಾಗುತ್ತದೆ. ತುರ್ತು ಬ್ರೇಕಿನ ಅಭ್ಯಾಸವನ್ನು ಆಗಾಗ ಖಾಲಿ ಜಾಗದಲ್ಲಿ ಕಡಿಮೆ ವೇಗದಿಂದ ಆರಂಭಿಸಿ ಮತ್ತೆ ಮಾಡಬೇಕು. ತರಬೇತಿಗೆ ಸಂಸ್ಥೆಯ ಬೈಕಿಗಿಂತ ತಾವು ದಿನವೂ ಓಡಿಸುವ ಬೈಕನ್ನೇ ಒಯ್ಯುವುದು ಉತ್ತಮ. ಬೈಕ್ ಬದಲಾಯಿಸಿದವರು ಮತ್ತು ವರ್ಷಗಳ ಬಿಡುವಿನ ನಂತರ ಮತ್ತೆ ಸವಾರಿಗೆ ಮರಳುತ್ತಿರುವವರು ದೂರದ ಪ್ರವಾಸಕ್ಕೆ ಹೊರಡುವ ಮೊದಲೇ ಇದನ್ನು ಮಾಡಿಕೊಳ್ಳಲಿ ಎಂದು ವಿನಂತಿಸುತ್ತೇನೆ.

– ಒಬ್ಬ ಸವಾರಿ ತರಬೇತುದಾರ