ಸಿಇಟಿ ರ‍್ಯಾಂಕ್ ಅಂದಾಜು ನಂಬಿ ಇಷ್ಟದ ಕಾಲೇಜು ಕೈಬಿಡಬೇಡಿ

ಮಾನ್ಯ ಸಂಪಾದಕರೇ,

ದ್ವಿತೀಯ ಪಿಯು ಮತ್ತು ಸಿಇಟಿ ಫಲಿತಾಂಶ ಬಂದ ದಿನದಿಂದ ಆಪ್ಷನ್ ಎಂಟ್ರಿ (ಬೇಕಾದ ಕಾಲೇಜು, ಕೋರ್ಸ್‌ಗಳನ್ನು ಆದ್ಯತೆಯ ಕ್ರಮದಲ್ಲಿ ನಮೂದಿಸುವುದು) ಮುಗಿಯುವವರೆಗೂ ಪೋಷಕರು ನಮ್ಮಂಥ ಉಪನ್ಯಾಸಕರನ್ನು ಕೇಳುವುದು ಒಂದೇ ಪ್ರಶ್ನೆ: ‘ಈ ಅಂಕಕ್ಕೆ ಯಾವ ಕಾಲೇಜು ಸಿಗಬಹುದು ಸರ್?’ ಇದಕ್ಕೆ ಖಚಿತ ಉತ್ತರ ಕೊಡುತ್ತೇವೆಂದು ಶುಲ್ಕ ಪಡೆಯುವವರೂ ಇದ್ದಾರೆ. ಅಂಥ ಅಂದಾಜನ್ನು ಎಷ್ಟರಮಟ್ಟಿಗೆ ನಂಬಬೇಕೆಂದು ತಿಳಿಸಲು ಈ ಪತ್ರ.

ಎಂಜಿನಿಯರಿಂಗ್ ರ‍್ಯಾಂಕ್‌ನ ಲೆಕ್ಕದಲ್ಲಿ ಗುಟ್ಟೇನೂ ಇಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತದಲ್ಲಿ ಪಿಯು ಪರೀಕ್ಷೆಯ 300 ಅಂಕ ಹಾಗೂ ಸಿಇಟಿಯ 180 ಅಂಕ, ಎರಡನ್ನೂ ಶೇಕಡಾವಾರಿಗೆ ತಂದು ಸಮಪಾಲಿನಲ್ಲಿ ಸೇರಿಸುತ್ತಾರೆ. ಪಿಯುನಲ್ಲಿ 270, ಸಿಇಟಿಯಲ್ಲಿ 90 ಪಡೆದವರಿಗೂ, ಪಿಯುನಲ್ಲಿ 240, ಸಿಇಟಿಯಲ್ಲಿ 108 ಪಡೆದವರಿಗೂ ಬರುವುದು ಒಂದೇ, 70. ಅಂದರೆ ಸಿಇಟಿಯ 3 ಅಂಕ ಪಿಯುನ 5 ಅಂಕಕ್ಕೆ ಸಮ. ಇಷ್ಟನ್ನು ಮನೆಯಲ್ಲೇ ಕುಳಿತು ಲೆಕ್ಕ ಹಾಕಬಹುದು. ಆದರೆ ಆ 70ಕ್ಕೆ ಎಷ್ಟನೇ ರ‍್ಯಾಂಕ್ ಎಂಬುದು ಆ ವರ್ಷ ಉಳಿದವರು ಹೇಗೆ ಬರೆದರು ಎಂಬುದನ್ನು ಅವಲಂಬಿಸಿದೆ. 2021ರಲ್ಲಿ ಕೋವಿಡ್ ಕಾರಣ ಪಿಯು ಪರೀಕ್ಷೆಯೇ ರದ್ದಾಗಿ ಸಿಇಟಿ ಅಂಕವೊಂದರಿಂದಲೇ ರ‍್ಯಾಂಕ್ ಕೊಟ್ಟರು. 2024ರಲ್ಲಿ ಪಠ್ಯಕ್ರಮದ ಹೊರಗಿನ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಬೇಕಾಯಿತು. ಅದೇ ವರ್ಷ ಪಿಯುಗೆ ಮೂರು ಪರೀಕ್ಷೆಗಳ ಪದ್ಧತಿಯೂ ಬಂತು. ಇಂಥ ವರ್ಷಗಳನ್ನು ಬೆರೆಸಿ ತಯಾರಿಸಿದ ‘ಅಂಕ ಇಷ್ಟಾದರೆ ರ‍್ಯಾಂಕ್ ಇಷ್ಟು’ ಎಂಬ ಪಟ್ಟಿಗೆ ಏನು ಬೆಲೆ?

ಇದಕ್ಕಿಂತ ದೊಡ್ಡ ಹಾನಿ ಬೇರೊಂದಿದೆ. ನನ್ನ ವಿದ್ಯಾರ್ಥಿನಿಯೊಬ್ಬಳು ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯ ಶಾಲೆಯಲ್ಲೇ ಓದಿದವಳು, ಹಿಂದುಳಿದ ವರ್ಗಗಳ 2ಎ ಪ್ರವರ್ಗಕ್ಕೆ ಸೇರಿದವಳು. ಸಲಹಾ ಕೇಂದ್ರವೊಂದು ಸೀಟು ಹಂಚಿಕೆಯ ಮೊದಲ ಸುತ್ತಿನ ಜಿಎಂ (ಸಾಮಾನ್ಯ ವರ್ಗದ) ಕಟ್-ಆಫ್, ಅಂದರೆ ಸೀಟು ಸಿಕ್ಕ ಕೊನೆಯ ರ‍್ಯಾಂಕ್, ನೋಡಿ, ಅವಳು ಆಸೆಪಟ್ಟ ಕಾಲೇಜು ಸಿಗುವುದೇ ಇಲ್ಲವೆಂದು ಹೇಳಿತು. ಅವಳು ಅದನ್ನು ಆಪ್ಷನ್ ಪಟ್ಟಿಯಲ್ಲಿ ನಮೂದಿಸಲೇ ಇಲ್ಲ. ಕೊನೆಯ ಸುತ್ತಿನಲ್ಲಿ ಅಲ್ಲಿ 2ಎಆರ್, ಅಂದರೆ 2ಎ ಗ್ರಾಮೀಣ ಸೀಟು, ಅವಳಿಗಿಂತ ಹಿಂದಿನ ರ‍್ಯಾಂಕ್‌ನವರಿಗೆ ಸಿಕ್ಕಿತು. ಆ ವಿಷಯ ತಿಳಿದ ದಿನ ಅವಳ ತಂದೆಗೆ ಏನು ಹೇಳಬೇಕೋ ನನಗೆ ತೋಚಲಿಲ್ಲ.

ಸೀಟು ಹಂಚಿಕೆ ನಡೆಯುವುದು ರ‍್ಯಾಂಕ್ ಕ್ರಮದಲ್ಲಿ. ಅಭ್ಯರ್ಥಿಯ ಸರದಿ ಬಂದಾಗ ಅವರ ಪಟ್ಟಿಯ ಮೇಲಿನಿಂದ ಕೆಳಕ್ಕೆ ನೋಡುತ್ತಾ, ಖಾಲಿ ಇರುವ ಮೊದಲ ಸೀಟನ್ನು ಕೊಡಲಾಗುತ್ತದೆ. ಆದ್ದರಿಂದ ಸಿಗಲಾರದೆನಿಸಿದ ಕಾಲೇಜನ್ನು ಮೇಲೆ ಬರೆದರೆ ಕೆಳಗಿನ ಸೀಟಿಗೆ ಯಾವ ಧಕ್ಕೆಯೂ ಇಲ್ಲ. ಬರೆಯದೆ ಬಿಟ್ಟರೆ ಮಾತ್ರ ನಷ್ಟ. ಕಟ್-ಆಫ್ ನೋಡುವಾಗ ತಮ್ಮ ಪ್ರವರ್ಗದ ಕೋಡ್ ಜೊತೆಗೆ ಗ್ರಾಮೀಣ ಅಥವಾ ಕನ್ನಡ ಮಾಧ್ಯಮ ಮೀಸಲಾತಿ ತಮಗೆ ಅನ್ವಯಿಸುತ್ತದೆಯೇ ಎಂಬುದನ್ನೂ, ಅದು ಯಾವ ಸುತ್ತಿನದು ಎಂಬುದನ್ನೂ ಗಮನಿಸಬೇಕು. ಬೇರೆಡೆ ಪ್ರವೇಶ ಪಡೆದವರು ಬಿಟ್ಟ ಸೀಟುಗಳಿಂದಾಗಿ ಕೊನೆಯ ಸುತ್ತಿನ ಕಟ್-ಆಫ್ ಸಾಮಾನ್ಯವಾಗಿ ಸಾಕಷ್ಟು ಸಡಿಲವಾಗಿರುತ್ತದೆ.

ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಫಲಿತಾಂಶದ ದಿನವೇ ಎಷ್ಟು ಶೇಕಡಾಕ್ಕೆ ಎಷ್ಟನೇ ರ‍್ಯಾಂಕ್ ಬಂದಿದೆಯೆಂಬ ಪಟ್ಟಿಯನ್ನು, ಕೋಡ್‌ಗಳ ಅರ್ಥವಿವರಣೆಯ ಸಮೇತ ಎಲ್ಲ ಸುತ್ತುಗಳ ಕಟ್-ಆಫ್‌ಗಳನ್ನು ಸರಳ ಕನ್ನಡದಲ್ಲಿ ಒಂದೇ ಕಡೆ ಒದಗಿಸಲಿ. ನಿಜವಾದ ಹಂಚಿಕೆಗೆ ಮುನ್ನ ಪ್ರಾಯೋಗಿಕವಾಗಿ ನಡೆಸುವ ಅಣಕು ಹಂಚಿಕೆಯ ನಂತರ ಆಪ್ಷನ್ ಬದಲಿಸಲು ಅವಕಾಶವಿರುವ ಆ ಕೆಲವೇ ದಿನ, ಸರ್ಕಾರಿ ಪದವಿಪೂರ್ವ ಕಾಲೇಜುಗಳ ಕಂಪ್ಯೂಟರ್ ಕೊಠಡಿಗಳನ್ನು ಸಂಜೆಯವರೆಗೂ ತೆರೆದಿಟ್ಟು ಒಬ್ಬ ಉಪನ್ಯಾಸಕರನ್ನು ಅಲ್ಲಿಗೆ ನಿಯೋಜಿಸಲಿ. ನನ್ನ ಕಾಲೇಜಿನಲ್ಲಿ ಆ ಕೆಲಸಕ್ಕೆ ನಾನು ಸಿದ್ಧನಿದ್ದೇನೆ.

– ಭೌತಶಾಸ್ತ್ರ ಉಪನ್ಯಾಸಕ, ತುರುವೇಕೆರೆ